ನಾಳೆ ಬರುವ ಕಂಪ್ಯೂಟರ್

ಹಿರೇಮುರಡಿಯ ನೇಕಾರರ ಸಂಘದ ಅಧ್ಯಕ್ಷ ಗುರುಶಾಂತಪ್ಪನವರಿಗೆ ಒಂದು ದೊಡ್ಡ ಹೆಮ್ಮೆ. "ಇಲ್ಲೀ ತನಕ ಒಬ್ಬ ಅಂಗಡಿಯವನೂ ನನಗ ಟೋಪಿ ಹಾಕಿಲ್ಲ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಮಾತು ನಿಜವೇ. ಏನನ್ನೂ ಕೊಳ್ಳದವರಿಗೆ ಟೋಪಿ ಹಾಕುವುದು ಯಾವ ಅಂಗಡಿಯವನಿಗೆ ಸಾಧ್ಯ?

ಸಂಘಕ್ಕೆ ಒಂದು ಕಂಪ್ಯೂಟರ್ ತುರ್ತಾಗಿ ಬೇಕಾಗಿತ್ತು. ಸೀರೆ ಸೆರಗಿನ ಡಿಸೈನನ್ನು ಅಲ್ಲಿ ಇನ್ನೂ ಕೈಯಲ್ಲೇ ಬರೆಯುತ್ತಿದ್ದರು. ಚೌಕುಳಿ ಹಾಳೆಯ ಸಾವಿರಾರು ಪುಟ್ಟ ಮನೆಗಳಿಗೆ ಒಂದೊಂದಾಗಿ ಬಣ್ಣ ತುಂಬಬೇಕು. ಆ ಕೆಲಸ ರಾಚಪ್ಪನದು. ಒಂದು ಸೆರಗಿಗೆ ಇಪ್ಪತ್ತು ದಿನ. ವರ್ಷಗಟ್ಟಲೆ ಬರೆದು ಬರೆದು ಅವನ ಕಣ್ಣು ಮಂಜಾಗಿತ್ತು. ನಾಲಿಗೆಯ ಹರಿತ ಮಾತ್ರ ಹಾಗೆಯೇ ಇತ್ತು.

ಪಕ್ಕದ ಊರಿನವರು ಕಂಪ್ಯೂಟರಿನಲ್ಲಿ ಅದೇ ಕೆಲಸವನ್ನು ಎರಡು ದಿನಕ್ಕೆ ಮುಗಿಸುತ್ತಿದ್ದರು. ಹೀಗಾಗಿ ಹಿರೇಮುರಡಿಗೆ ಬರಬೇಕಿದ್ದ ದೀಪಾವಳಿ ಸೀರೆಗಳ ಆರ್ಡರ್ ಅವರ ಪಾಲಾಯಿತು. ಇಲ್ಲಿ ಹನ್ನೊಂದು ಮಗ್ಗ ನಿಂತವು.

ರಾಚಪ್ಪ ಅಧ್ಯಕ್ಷರ ಬಳಿ ಹೋದ.

"ಯುಗಾದಿ ತನಕ ತಡಿಯೋ. ಹೊಸ ಪ್ರೊಸೆಸರ್ ಬರಾಕತ್ತೈತಿ" ಎಂದರು.

ಯುಗಾದಿ ಕಳೆಯಿತು. "ಈಗ ತಗೊಂಡವ ಹುಚ್ಚ. ದಸರಾಕ್ಕ ರೇಟ್ ಅರ್ಧಕ್ಕ ಇಳೀತಾವು" ಎಂದರು.

ದಸರಾ ಬಂತು. "ರ‍್ಯಾಮ್ ಎರಡರಷ್ಟು ಆಗೋದೈತಂತ, ಪೇಪರಿನ್ಯಾಗ ಓದೀನಿ" ಎಂದರು.

ಜನ್ಮದಲ್ಲಿ ಒಮ್ಮೆಯೂ ಮೌಸ್ ಮುಟ್ಟದ ಗುರುಶಾಂತಪ್ಪನವರಿಗೆ ಇನ್ನೂ ಹುಟ್ಟದ ಕಂಪ್ಯೂಟರಿನ ಜಾತಕವೆಲ್ಲ ಬಾಯಿಪಾಠವಾಗಿತ್ತು. ಹೀಗೆಯೇ ನಾಲ್ಕು ವರ್ಷ ಕಳೆದವು.

ಸಂಘದ ವಾರ್ಷಿಕ ಸಭೆ ಬಂತು. ಮಗ್ಗ ನಿಂತವರಲ್ಲಿ ಒಬ್ಬಳಾದ ಕಾಶವ್ವ ಎದ್ದು ನಿಂತು ಕೇಳಿಯೇಬಿಟ್ಟಳು: "ಕಂಪ್ಯೂಟರ್ ಯಾವಾಗ ತರ್ತೀರಿ, ಅಧ್ಯಕ್ಷರ?"

ಗುರುಶಾಂತಪ್ಪ ಮೀಸೆ ತಿರುವಿದರು. "ನಾಳೆ ಚಲೋದು ಬರ್ತೈತಿ ಅಂತ ಗೊತ್ತಿದ್ದೂ ಇವತ್ತ ಯಾಕ ತಗೋಬೇಕು? ಒಂದ ಒಂದು ಕಾರಣ ಹೇಳ್ರಿ. ನಾನು ಒಪ್ಪುವಂಥಾ ಕಾರಣ ಇದ್ರ ಇಲ್ಲೇ ಮಂಜೂರು ಮಾಡ್ತೀನಿ. ಇಲ್ಲಂದ್ರ ಈ ಸುದ್ದಿ ಇನ್ನೊಮ್ಮೆ ಎತ್ತಬ್ಯಾಡ್ರಿ!"

ಒಪ್ಪುವುದು ಬಿಡುವುದು ಅವರ ಕೈಯಲ್ಲೇ ಇದ್ದಾಗ ಯಾರು ಏನು ಹೇಳಿಯಾರು? ರಾಚಪ್ಪ ಎದ್ದ.

"ಅಧ್ಯಕ್ಷರ ಮಾತು ಖರೇ ಐತಿ. ನನ್ನ ಹತ್ರ ಯಾವ ಕಾರಣಾನೂ ಇಲ್ಲ."

"ನೋಡ್ರಿ! ಕಂಪ್ಯೂಟರ್ ಬೇಕಂದವನ ಒಪ್ಪಿಕೊಂಡ!"

"ಬರೇ ಮಾತಿನ್ಯಾಗ ಬ್ಯಾಡ್ರಿ, ಠರಾವು ಮಾಡಿಬಿಡೋಣ. ಮುಂದ ಯಾರೂ ನಿಮ್ಮನ್ನ ಕಾಡಬಾರದು" ಎಂದ ರಾಚಪ್ಪ, ಸಂಘದ ಕಾರ್ಯದರ್ಶಿ ಮಹಾದೇವಿಯ ಕಡೆ ತಿರುಗಿ ಹೇಳಿ ಬರೆಸಿದ: "ನಾಳೆ ಇನ್ನೂ ಉತ್ತಮವಾದದ್ದು ಬರುವ ಸಂಭವವಿರುವಾಗ, ಸಂಘವು ಯಾವುದನ್ನೂ ಇಂದು ಆರಿಸತಕ್ಕದ್ದಲ್ಲ."

ಗುರುಶಾಂತಪ್ಪ ಹಿಗ್ಗಿ ಹೀರೇಕಾಯಿಯಾದರು. ಠರಾವಿನಲ್ಲಿ ಕಂಪ್ಯೂಟರ್ ಎಂಬ ಶಬ್ದವೇ ಇಲ್ಲದ್ದು ಅವರ ಗಮನಕ್ಕೆ ಬರಲಿಲ್ಲ. ಎಲ್ಲರಿಗಿಂತ ಮೊದಲು ತಾವೇ ಕೈ ಎತ್ತಿದರು.

"ನಮ್ಮ ಅನ್ನಕ್ಕ ಕಲ್ಲು ಹಾಕ್ತೀಯೇನೋ, ಮನಿಹಾಳ?" ಎಂದು ಕಾಶವ್ವ ಹಲ್ಲು ಕಡಿದಳು.

"ಸುಮ್ನ ಕೈ ಎತ್ತು, ಯವ್ವಾ" ಎಂದ ರಾಚಪ್ಪ. ಠರಾವು ಪಾಸಾಯಿತು.

ಮುಂದಿನ ವಿಷಯ, ಇನ್ನೈದು ವರ್ಷಕ್ಕೆ ಅಧ್ಯಕ್ಷರ ಆಯ್ಕೆ. ನಿಂತವರು ಗುರುಶಾಂತಪ್ಪ ಒಬ್ಬರೇ. ಹಾರವನ್ನೂ ತಾವೇ ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದರು.

"ಇದು ಇವತ್ತ ಆಗಾಂಗಿಲ್ರಿ" ಎಂದ ರಾಚಪ್ಪ.

"ಯಾಕ?"

"ಈಗಷ್ಟ ಠರಾವು ಆತಲ್ರಿ. ನಾಳೆ ನಿಮಗಿಂತ ಚಲೋ ಅಧ್ಯಕ್ಷರು ಬರಾಂಗಿಲ್ಲ ಅಂತ ಹೆಂಗ ಹೇಳೋದು? ವರ್ಷಾ ವರ್ಷಾ ಹೊಸಬರು ಬರಾಕತ್ತಾರ. ಜಲ್ದಿ ಕೆಲಸ ಮಾಡ್ತಾರ, ಬಿಸಿ ಕಡಿಮಿ ಆಗ್ತಾರ, ಸದ್ದೂ ಅಷ್ಟ ಇರಾಂಗಿಲ್ಲ."

ಸಭೆ ಗೊಳ್ಳೆಂದಿತು. ಗುರುಶಾಂತಪ್ಪ ಮೇಜು ಗುದ್ದಿ ಎದ್ದು ನಿಂತರು.

"ಅಲ್ಲೀ ತನಕ ಕುರ್ಚಿ ಖಾಲಿ ಇಡ್ತೀರೇನು? ಇವತ್ತಿನ ಕಾಗದಕ್ಕ ಇವತ್ತ ಸಹಿ ಬೀಳಬೇಕು! ನಾಳೆ ಎಂಥಾ ಶಾಣ್ಯಾ ಬಂದ್ರೂ ಇವತ್ತ ನಿಂತ ಕೆಲಸ ಅವ ಮಾಡ್ತಾನೇನು?"

ರಾಚಪ್ಪ ಎರಡೂ ಕೈ ಜೋಡಿಸಿದ.

"ಮಹಾದೇವಿಯವರ, ಬರಕೋರಿ. ಅಧ್ಯಕ್ಷರು ಒಂದು ಕಾರಣ ಕೇಳಿದ್ರು. ಈಗ ಅವರ ಬಾಯಿಂದನ ಬಂತು. ಅವರು ಒಪ್ಪಲಾರದ ಕಾರಣ ಅಂತೂ ಅಲ್ಲ."

ಒಪ್ಪದಿದ್ದರೆ ಕುರ್ಚಿ ಇಲ್ಲ. ಒಪ್ಪಿದರೆ ಕಂಪ್ಯೂಟರ್ ತರಬೇಕು. ಗುರುಶಾಂತಪ್ಪ ಬಾಡತೊಡಗಿದ ಹಾರವನ್ನೊಮ್ಮೆ ನೋಡಿದರು. ಕೊನೆಗೆ ಅವರಿಗೂ ನಗು ತಡೆಯಲಾಗಲಿಲ್ಲ.

"ಹೊಡಿಯೋ ಆ ಠರಾವಿಗೆ ಕಾಟು! ಆತು, ಮೊದಲ ನನ್ನ ಆಯ್ಕೆ ಮುಗಿಸ್ರಿ, ಆಮ್ಯಾಲ..."

"ಮೊದಲ ಕಂಪ್ಯೂಟರಿಗೆ ಸಹಿ" ಎಂದಳು ಕಾಶವ್ವ, ಹಾರವನ್ನು ತನ್ನ ಮಡಿಲಿಗೆ ಎಳೆದುಕೊಂಡು. "ಆಮ್ಯಾಲ ಹಾರ."

ಹತ್ತನೇ ದಿನ ಕಂಪ್ಯೂಟರ್ ಬಂತು. ಪರದೆಯ ಮೇಲೆ ಚೌಕುಳಿಯ ಒಂದೊಂದು ಮನೆ ಕೈಯಗಲ ದೊಡ್ಡದಾಗಿ ಕಂಡಾಗ ರಾಚಪ್ಪ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು ಸೆರಗಿನ ಅಂಚು ಬರೆಯತೊಡಗಿದ.

ಗುರುಶಾಂತಪ್ಪನವರು ಹಿಂದಿನಿಂದ ಬಂದು ಪೇಪರ್ ಬಿಚ್ಚಿ ತೋರಿಸಿದರು. ಹೊಟ್ಟೆಯುರಿ ಇನ್ನೂ ಆರಿರಲಿಲ್ಲ.

"ನೋಡಿಲ್ಲೆ! ಮುಂದಿನ ತಿಂಗಳ ಇದರ ಅಪ್ಪನಂಥಾದ್ದು ಬರ್ತೈತಿ. ಆಗ ಇದನ್ನ ಏನು ಮಾಡ್ತಿ?"

ರಾಚಪ್ಪ ಪರದೆಯಿಂದ ಕಣ್ಣು ಕೀಳದೆ ಹೇಳಿದ:

"ತಂದಾಗೈತಲ್ರಿ, ಐದು ವರ್ಷ ಹೆಂಗರ ಓಡಸ್ತೀವಿ. ಆಮ್ಯಾಲ ಇದನ್ನೂ ನಿಮ್ಮನ್ನೂ ಕೂಡೇ ಬದಲಿ ಮಾಡ್ತೀವಿ."