ಕತ್ತಲಮ್ಮನ ತೋಪು

ಶಿರಾ ಸೀಮೆಯ ಬಯಲಿನಲ್ಲಿ ಮಾಳಗಟ್ಟೆ ಎಂಬ ಊರಿದೆ. ಅದರ ಕೆರೆಯ ಹಿಂದೆ ಹಿಪ್ಪೆ ಮರಗಳ ಹಳೆಯ ತೋಪು. ತೋಪಿನ ನಡುವೆ ಕಲ್ಲುಚಪ್ಪಡಿಯ ಚಿಕ್ಕ ಗುಡಿ. ಒಳಗಿರುವ ದೇವಿ ಕತ್ತಲಮ್ಮ. ಹೆಸರು ಕೇಳಿದ ಹೊಸಬರು ಉಗ್ರದೇವತೆಯಿರಬೇಕೆಂದು ಹೊಸ್ತಿಲಲ್ಲೇ ನಿಂತುಬಿಡುವುದುಂಟು. ನಮ್ಮವರೂ ಬಿಡಿಸಿ ಹೇಳದೆ ಒಂದಿಷ್ಟು ಹೊತ್ತು ತಮಾಷೆ ನೋಡುತ್ತಾರೆ. ಹೆಸರು ಬಂದದ್ದು ದೇವಿಯ ಸಿಟ್ಟಿನಿಂದಲ್ಲ, ಒಬ್ಬ ಮುದುಕಿಯ ಹಟದಿಂದ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ದೇವಿಗೆ ದೀಪದಮ್ಮ ಎಂದೇ ಹೆಸರಿತ್ತು ಎನ್ನುತ್ತಾರೆ. ಗುಡಿಯಲ್ಲಿ ಹಗಲಿರುಳು ದೀಪ. ಅದಕ್ಕೆ ಈ ತೋಪಿನ ಹಿಪ್ಪೆ ಎಣ್ಣೆಯಲ್ಲದೆ ಬೇರೆ ಎಣ್ಣೆ ಸಲ್ಲದು, ದೀಪ ಆರಿದರೆ ಕೆರೆ ಒಡೆಯುತ್ತದೆ ಎಂಬ ನಂಬಿಕೆ. ಬೀಜವನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆದುಕೊಡುತ್ತಿದ್ದವಳು ಗಾಣಿಗರ ಸಣ್ಣೀರಮ್ಮ. ಒಂದು ವರ್ಷ ಎಲೆ ಉದುರಿಸಿ ಮೊಗ್ಗು ಕಟ್ಟಬೇಕಾದ ಮಾಘದಲ್ಲಿ ಜಡಿಮಳೆ ಹಿಡಿಯಿತು. ಮರಗಳು ಚಿಗುರಿದವು, ಹೂ ಬಿಡಲಿಲ್ಲ. ಮರುವರ್ಷ ಮೊಗ್ಗೇನೋ ಬಂತು, ಬಿಸಿಗಾಳಿಗೆ ಹುರಿದು ಉದುರಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರನೆಯ ವರ್ಷ ಮುದಿಮರಗಳು ತುದಿಯಿಂದ ಒಣಗತೊಡಗಿದಾಗ ಊರಿಗೆ ನಿಜವಾದ ಭಯ ಹತ್ತಿತು. ಆದರೂ ನೆಲದಡಿಯ ಹಗೇವಿನಲ್ಲಿ ರಾಗಿಯ ಜೊತೆ ಒಳ್ಳೆಯ ಕಾಲದ ಹಿಪ್ಪೆ ಬೀಜವನ್ನೂ ಹೂತಿಟ್ಟಿದ್ದರಲ್ಲ! ಎಷ್ಟು ವರ್ಷ ಕಳೆದರೂ ರಾಗಿ ಮೊಳೆಯುತ್ತದೆ, ಹಿಪ್ಪೆ ಯಾಕೆ ಮೊಳೆಯಬಾರದು ಎಂದು ಎಲ್ಲವನ್ನೂ ಬಿತ್ತಿದರು. ಒಂದೂ ಮೊಳೆಯದೆ ಮಣ್ಣಿನಲ್ಲೇ ಕೊಳೆಯಿತು. ಹಿಪ್ಪೆ ಬೀಜದ ಜೀವ ಹಣ್ಣು ಉದುರಿದ ಕೆಲವೇ ವಾರ ಎಂಬುದು ಅವರಿಗೆ ತಿಳಿದದ್ದು ಆಗ.

ಆ ಆಷಾಢದಲ್ಲಿ ಇಡೀ ತೋಪಿನಲ್ಲಿ ಒಂದೇ ಮರ ಫಲ ಕೊಟ್ಟಿತು, ಅದೂ ಎರಡು ಬೊಗಸೆ. ಗುಡಿಯ ಎಣ್ಣೆ ತಳ ಕಂಡಿತ್ತು. ಪೂಜಾರಿ ದೊಡ್ಡೀರಯ್ಯ ಸಣ್ಣೀರಮ್ಮನ ಬಾಗಿಲಿಗೆ ಬಂದ.

“ಇವತ್ತೇ ಗಾಣಕ್ಕಾಕವ್ವ. ದೀಪ ಆರೋದ್ರೆ ಊರೇ ನಿನ್ನ ಬೈತೈತೆ.”

“ಬೈಲಿ ಬಿಡಪ್ಪ. ಗಾಣಕ್ಕಾಕಿದ್ರೆ ಎರಡ್ಮೂರು ದಿನ ಉರೀತೈತೆ. ಆಮ್ಯಾಕೆ ಏನ್ ಹಾಕ್ತೀಯ?”

“ಅಮ್ಮ ಮುನಿದು ಕೆರೆ ಒಡೆದ್ರೆ?”

“ನಂಗೂ ಅದೇ ಭಯ ಕಣಪ್ಪ,” ಎಂದಳಂತೆ ಮುದುಕಿ. ಹಾಗೆನ್ನುತ್ತಲೇ ಬೀಜವನ್ನು ಮಡಿಲಿಗೆ ಹಾಕಿಕೊಂಡು ತೋಪಿಗೆ ಹೋಗಿ, ಒಂದೊಂದಾಗಿ ಹಸಿಮಣ್ಣಿಗೆ ಊರಿದಳು. ಒಂಬತ್ತನೆಯ ದಿನ ದೀಪ ಆರಿತು. ಹಿಂದೆಯೇ ಮೂರು ದಿನ ಮಳೆ ಹೊಯ್ಯಿತು. ಜನ ಮಂಕರಿಯಲ್ಲಿ ಮಣ್ಣು ಹೊತ್ತು ಏರಿಯ ಮೇಲೆ ಕಾದರು. ಸಣ್ಣೀರಮ್ಮನೂ ಒಂದು ಮಂಕರಿ ಹೊತ್ತು ಅಲ್ಲೇ ನಿಂತಿದ್ದಳು. ಏರಿ ಒಡೆಯಲಿಲ್ಲ. ಮಳೆ ಬಿಟ್ಟ ಮೇಲೆ ನೋಡಿದರೆ ಬೀಜಗಳಲ್ಲಿ ಅರೆಪಾಲು ಮೊಳೆತಿದ್ದವು. ಅವು ಹೂ ಬಿಡುವ ಹೊತ್ತಿಗೆ ಸಣ್ಣೀರಮ್ಮ ಇರಲಿಲ್ಲ. ಆಮೇಲೆ ಬೀಜ ದಂಡಿಯಾಗಿ ಬಿದ್ದರೂ ಮತ್ತೆ ದೀಪ ಹಚ್ಚಲು ಯಾರಿಗೂ ಮನಸ್ಸು ಬರಲಿಲ್ಲ. ಮುಂದಿನ ವರ್ಷವೂ ಹೂ ಬಂದೇ ಬರುತ್ತದೆಂದು ಹೇಳುವವರು ಯಾರು? ಬೀಜ ಮೊದಲು ಮಣ್ಣಿಗೇ ಹೋಯಿತು. ದೇವಿ ಕತ್ತಲಲ್ಲೇ ಉಳಿದಳು, ಕತ್ತಲಮ್ಮನಾದಳು.

ಈಗಲೂ ಬಂದವರು ದೇವಿಯನ್ನು ಕೈಯಿಂದ ತಡವಿ ನಮಸ್ಕರಿಸುತ್ತಾರೆ. ಹೊರಗೆ ಮರಗಳ ನಡುವೆ ಸಾಲಾಗಿ ಮುಳ್ಳುಬೇಲಿಯ ಪುಟ್ಟ ಪಾತಿಗಳು ಕಾಣುತ್ತವೆ, ಮಣ್ಣು ಹದಮಾಡಿ ನೀರು ಹನಿಸಿದವು. ನಾಲ್ಕು ವರ್ಷಗಳಿಂದ ತೋಪು ನೆಟ್ಟಗೆ ಹೂ ಬಿಟ್ಟಿಲ್ಲ. ಸಿಕ್ಕ ಕೆಲವೇ ಬೀಜ ಊರಿದ್ದರೂ ಪಾತಿಗಳಲ್ಲಿ ಇನ್ನೂ ಏನೂ ಮೊಳೆತಿಲ್ಲ. ಬೇಲಿ ಯಾತಕ್ಕೆಂದು ಬಂದವರು ಕೇಳುತ್ತಾರೆ. ಸಸಿಗೆ ಎನ್ನುತ್ತೇವೆ. ಅವರು ಬಗ್ಗಿ ಹುಡುಕುತ್ತಾರೆ, ನಾವೂ ಅವರ ಜೊತೆ ಇನ್ನೊಮ್ಮೆ ಹುಡುಕುತ್ತೇವೆ.