ಸೊಟ್ಟ ಅಕ್ಷರ

ಯುದ್ಧ ನಡೆಯುತ್ತಿದ್ದ ಕಾಲ. ಹೊಳೆಯ ದಂಡೆಯಲ್ಲಿ ಬ್ರಿಟಿಷ್ ಸರಕಾರದ ಒಂದು ಹೈಸ್ಕೂಲಿತ್ತು. ಅಲ್ಲಿ ಮಡಿವಾಳಯ್ಯನವರು ಕನ್ನಡ ಕಲಿಸುತ್ತಿದ್ದರು.

ಅವರು ಎಲ್ಲಕ್ಕಿಂತ ಮೊದಲು ಅಕ್ಷರ ತಿದ್ದಿಸುತ್ತಿದ್ದರು. ಮೀಸೆ ಮೂಡಿದ ಹುಡುಗರನ್ನೂ ಬಿಡುತ್ತಿರಲಿಲ್ಲ. ಅವರಲ್ಲಿ ಕಲಿತವರೆಲ್ಲ ಹೆಚ್ಚುಕಡಿಮೆ ಒಂದೇ ತೆರನಾಗಿ ಬರೆಯುತ್ತಿದ್ದರು.

ಅಡಿವೆಪ್ಪ ಅವರ ಶಿಷ್ಯ, ಮ್ಯಾಟ್ರಿಕ್ ತರಗತಿಯವನು. ಹುಡುಗರು ಹೊರಡಿಸುತ್ತಿದ್ದ ‘ಮೊಳಕೆ’ ಎಂಬ ಕೈಬರಹದ ಪತ್ರಿಕೆಗೆ ಅವನೇ ಸಂಪಾದಕ. ಆದರೆ ಅದರಲ್ಲಿ ತನ್ನ ಹೆಸರು ಹಾಕುತ್ತಿರಲಿಲ್ಲ. ಗೆಳೆಯರು ಕೊಟ್ಟ ಕಥೆ, ಪದ್ಯಗಳನ್ನೆಲ್ಲ ಅವನು ತನ್ನ ಕೈಯಿಂದಲೇ ನಕಲು ಮಾಡಿ, ಹೊಲಿದು, ವಾಚನಾಲಯದ ಮೇಜಿನ ಮೇಲೆ ಇಡುತ್ತಿದ್ದ. ಇರುವುದು ಒಂದೇ ಪ್ರತಿ. ಸರದಿ ಹಿಡಿದು ಓದುತ್ತಿದ್ದರು.

ಆ ಸಲದ ಸಂಚಿಕೆಯಲ್ಲಿ ಬರೆದವರ ಹೆಸರಿಲ್ಲದ ಒಂದು ಪದ್ಯವಿತ್ತು. ಕಟ್ಟಿದವನು ಈರಭದ್ರ, ಅಡಿವೆಪ್ಪನ ಪಕ್ಕದಲ್ಲೇ ಕೂರುವ ಗೆಳೆಯ. ಅವನ ಅಣ್ಣ ಪಲ್ಟನ್ ಸೇರಿ ಬರ್ಮಾಕ್ಕೆ ಹೋಗಿದ್ದ. ಅಲ್ಲಿಂದ ಕಾಗದ ಬರುವುದು ನಿಂತು ಬಹಳ ದಿನವಾಗಿತ್ತು.

ಪದ್ಯದ ಕೊನೆ ಹೀಗಿತ್ತು:

ಅವ್ವ ಬಾಗಿಲ ತೆರೆದೇ ಇಟ್ಟಳು, ಅಣ್ಣ ಬರಲಿಲ್ಲ.
ಯಾರ ಯುದ್ಧಕೆ ಯಾರ ಮಗ ಹೋದ, ಯಾರೂ ಹೇಳಲಿಲ್ಲ.

ಯಾರು ಓದಿ ಯಾರ ಕಿವಿಗೆ ಹಾಕಿದರೋ. ಒಂದು ಮಧ್ಯಾಹ್ನ ಫೌಜದಾರನ ಕಡೆಯ ಪೊಲೀಸ್ ಸಿಪಾಯಿ ಬಂದು ‘ಮೊಳಕೆ’ಯನ್ನು ಎತ್ತಿಕೊಂಡು ಹೋದ.

ಅದಕ್ಕೂ ಮುಂಚೆ ಗೋಡೆಗೆ ಸರಕಾರದ ವಿರುದ್ಧ ಚೀಟಿ ಅಂಟಿಸಿದನೆಂದು ನೇಕಾರರ ಓಣಿಯ ಒಬ್ಬ ಹುಡುಗನನ್ನು ಹಿಡಿದೊಯ್ದಿದ್ದರು. ಅವನು ಇನ್ನೂ ಮರಳಿರಲಿಲ್ಲ. ಅವನ ತಾಯಿ ಪೊಲೀಸ್ ಚಾವಡಿಯ ಮುಂದೆ ಕೂತೇ ಇರುತ್ತಿದ್ದಳು. ದಾರಿಹೋಕರು ಆ ಕಡೆ ನೋಡದೆ ನಡೆಯುತ್ತಿದ್ದರು.

ಅಡಿವೆಪ್ಪ ಓಡೋಡಿ ಗುರುಗಳ ಬಳಿ ಬಂದ.

“ಗುರುಗಳ, ಬರದ ಕೈ ನಂದು. ಹಿಡದರ ಏನ ಮಾಡ್ಲಿ?”

“ನಕಲು ಮಾಡೂ ಮುಂದ ಆ ಪದ್ಯ ಹೆಂಗ ಅನ್ನಿಸ್ತು?”

“ಛಲೋ ಐತಿ ಅನ್ನಿಸ್ತು.”

“ಈಗ?”

“ಈಗ ಅದರಾಗಿನ ಒಂದ ಶಬ್ದಾನೂ ನೆನಪಿಗೆ ಬರವಲ್ದು. ಫೌಜದಾರನ ಬೂಟು ಅಷ್ಟ ಕೇಳಿಸ್ತಾವ.”

ಮಡಿವಾಳಯ್ಯನವರು ವಾಚನಾಲಯದಲ್ಲಿ ಓದಿದ್ದ ಆ ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಮೆಲ್ಲಗೆ ಅಂದರು.

“ಈಗೂ ಛಲೋನ ಐತಿ” ಎಂದು ಹೇಳಿ, ಎದ್ದು ಮುಂದಿನ ಪಾಠಕ್ಕೆ ಹೋದರು.

ಮರುದಿನ ಫೌಜದಾರ ತಾನೇ ತರಗತಿಗೆ ಬಂದ. ಕೈಯಲ್ಲಿ ‘ಮೊಳಕೆ’. ಬಾಗಿಲಲ್ಲಿ ಇಬ್ಬರು ಸಿಪಾಯಿಗಳು ನಿಂತರು.

“ಮಾಸ್ತರ, ಇವರ ಕಡೆ ನಾಲ್ಕು ಸಾಲು ಬರೆಸ್ರಿ. ಅಕ್ಷರ ನೋಡಬೇಕು.”

ಮಡಿವಾಳಯ್ಯನವರು ಪುಸ್ತಕ ತೆಗೆದು ಹೇಳತೊಡಗಿದರು. ಹುಡುಗರು ಟಾಕನ್ನು ಶಾಯಿಗೆ ಅದ್ದಿ ಬರೆಯತೊಡಗಿದರು. ಟಾಕಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನನ್ನ ಅಕ್ಷರ ನನ್ನ ಹಾಗೆ ಇರಬಾರದು ಎಂದು ಅಡಿವೆಪ್ಪ ಅಂದುಕೊಂಡ. ‘ಅ’ದ ಹೊಟ್ಟೆಯನ್ನು ಹಿಚುಕಿದ. ತಲೆಕಟ್ಟನ್ನು ಓರೆ ಮಾಡಿದ. ಸಾಲುಗಳು ಇಳಿಜಾರು ಹಿಡಿದವು. ಪಕ್ಕದಲ್ಲಿ ಈರಭದ್ರ ತಲೆ ಎತ್ತದೆ ಬರೆಯುತ್ತಿದ್ದ.

ಫೌಜದಾರ ಹಾಳೆಗಳನ್ನು ಕೂಡಿಸಿಕೊಂಡು ಒಂದೊಂದಾಗಿ ಪತ್ರಿಕೆಯ ಪಕ್ಕ ಹಿಡಿದು ನೋಡಿದ. ನೋಡುತ್ತ ನೋಡುತ್ತ ಹುಬ್ಬು ಗಂಟಿಕ್ಕಿತು. ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು. ಎಲ್ಲವೂ ಪತ್ರಿಕೆಯ ಅಕ್ಷರದಂತೆಯೇ ಇದ್ದವು.

ಒಂದು ಹಾಳೆಯ ಹೊರತು.

ಅವನು ಅದನ್ನು ಮೇಲೆತ್ತಿ ಹಿಡಿದ.

“ಈ ಸೊಟ್ಟ ಅಕ್ಷರ ಯಾರದು?”

ಅಡಿವೆಪ್ಪ ಎದ್ದು ನಿಂತ.

“ಎಲ್ಲಾರೂ ಮಾಸ್ತರ ಕಲಿಸಿದಂಗ ಬರದಾರ. ನಿನಗೊಬ್ಬನಿಗೆ ಏನಾಗೇದ? ಯಾಕ ಅಕ್ಷರ ಮುಚ್ಚಿಟ್ಟಿ?”

ಸಿಪಾಯಿಯೊಬ್ಬ ಬಾಗಿಲು ಬಿಟ್ಟು ಒಳಗೆ ಬಂದ.

ಆಗ ಮಡಿವಾಳಯ್ಯನವರು ಸೀಮೆಸುಣ್ಣ ತೆಗೆದುಕೊಂಡು ಕರಿಹಲಗೆಯತ್ತ ತಿರುಗಿದರು. ಆ ಪದ್ಯದ ಕೊನೆಯ ಎರಡು ಸಾಲನ್ನು ದೊಡ್ಡದಾಗಿ ಬರೆದರು. ಕೈ ಝಾಡಿಸಿಕೊಂಡು ಬದಿಗೆ ಸರಿದು ನಿಂತರು.

“ಸಾಹೇಬ್ರ, ನೀವು ಹುಡುಕೂ ಅಕ್ಷರ ಇದು. ಇದು ನಂದು.”

ಫೌಜದಾರ ಹಲಗೆಯನ್ನು ನೋಡಿದ. ಪತ್ರಿಕೆಯನ್ನು ನೋಡಿದ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

“ಪದ್ಯ ಕಟ್ಟಿದವರೂ ನೀವ ಏನು?”

“ಮಗ ತಿರುಗಿ ಬರದ ಮನಿ ಈ ಊರಾಗ ಎಷ್ಟ ಅದಾವೋ, ಅವರೆಲ್ಲಾರೂ ಕೂಡಿ ಕಟ್ಯಾರ. ಅಕ್ಷರ ಅಷ್ಟ ನಾ ಕೊಟ್ಟೇನಿ.”

ಫೌಜದಾರನಿಗೆ ಅಷ್ಟು ಸಾಕಾಯಿತು.

ತಾಲೂಕಿನ ಕಚೇರಿ ಹೊಳೆಯಾಚೆ. ಗುರುಗಳನ್ನು ದಂಡೆಗೆ ಕರೆತಂದು ಹರಿಗೋಲಿಗಾಗಿ ನಿಲ್ಲಿಸಿದ್ದರು. ಅಡಿವೆಪ್ಪ ಏದುಸಿರು ಬಿಡುತ್ತ ಓಡಿ ಬಂದ. ಸಿಪಾಯಿ ಮುಖ ತಿರುಗಿಸಿ ಬೀಡಿ ಹಚ್ಚಿಕೊಂಡ.

“ಗುರುಗಳ, ನಾ ಹೇಳಿಬಿಡ್ತೇನ್ರಿ. ಬರದಾಂವ ನಾನು ಅಂತ.”

“ಹೇಳು. ಆಮ್ಯಾಲ ಅವರು ಕಟ್ಟಿದಾಂವ ಯಾರು ಅಂತ ಕೇಳ್ತಾರ. ಹೊಡದ ಕೇಳ್ತಾರ. ಆಗ?”

ಅಡಿವೆಪ್ಪ ಹೊಳೆಯನ್ನು ನೋಡಿದ. ನಿಜ ಹೇಳಿದ.

“ಈರಭದ್ರನ ಹೆಸರು ಹೇಳಿಬಿಡ್ತೇನ್ರಿ. ತಡಕೊಳ್ಳೂ ಶಕ್ತಿ ನನಗಿಲ್ಲ.”

ಮಡಿವಾಳಯ್ಯನವರು ಬೈಯಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟರು.

“ಇಷ್ಟ ಗೊತ್ತಿದ್ದರ ಮನಿಗೆ ಹೋಗು. ಈರಭದ್ರನ್ನ ಒಬ್ಬನ್ನ ಬಿಡಬ್ಯಾಡ.”

ಹರಿಗೋಲು ಬಂತು. ಅವರು ಹತ್ತಿ ಕೂತರು.

ಅಡಿವೆಪ್ಪ ಹೇಳಿದಂತೆ ಮಾಡಿದ. ಈರಭದ್ರ ಎರಡು ಸಲ ಹೊಳೆ ದಾಟಿ ತಾನೇ ಒಪ್ಪಿಕೊಳ್ಳಲು ಹೊರಟ. ಎರಡು ಸಲವೂ ಅಡಿವೆಪ್ಪ ಅವನನ್ನು ತಬ್ಬಿ ಹಿಡಿದು ತಿರುಗಿ ಕರೆತಂದ. ಯಾರು ಬಾಗಿಲು ತಟ್ಟಿದರೂ ಇಬ್ಬರಿಗೂ ಉಸಿರು ನಿಲ್ಲುತ್ತಿತ್ತು.

ಗುರುಗಳು ಜೈಲಿನಿಂದ ಮರಳುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ನೌಕರಿ ಹೋಗಿತ್ತು. ಬೆನ್ನು ಬಾಗಿತ್ತು. ಅಡಿವೆಪ್ಪ ಅವರ ಮನೆಗೆ ಹೋಗಿ ಕಾಲು ಮುಟ್ಟಿದ.

“ಈರಭದ್ರ?”

“ಅದಾನ್ರಿ. ಸಾಲಿಗೆ ಬರ್ತಾನ. ಅವರ ಅಣ್ಣಂದು ಇನ್ನೂ ಸುದ್ದಿ ಇಲ್ಲ.”

“ಪತ್ರಿಕೆ?”

“ನಿಂತೈತ್ರಿ. ಹೆಡ್‌ಮಾಸ್ತರು ನಿಲ್ಲಿಸ್ಯಾರ.”

“ಅವರು ವಾಚನಾಲಯದಾಗ ಇಡಬ್ಯಾಡ್ರಿ ಅಂದಿರಬೇಕು. ಬರಿಯೂದನ್ನ ಯಾರು ನಿಲ್ಲಿಸಿದರು?”

ಅಡಿವೆಪ್ಪ ತಲೆ ತಗ್ಗಿಸಿದ.

“ನಾನ ನಿಲ್ಲಿಸೇನ್ರಿ. ಅಂಜಿಕಿ ಹೋದ ಮ್ಯಾಲ ಸುರು ಮಾಡಿದರಾತು ಅಂತ ಕಾಯಾಕತ್ತೇನಿ.”

ಅಷ್ಟರಲ್ಲಿ ಓಣಿಯಲ್ಲಿ ಬೂಟಿನ ಸದ್ದು ಕೇಳಿಸಿತು. ಸಿಪಾಯಿಯೊಬ್ಬ ಹಾದು ಹೋಗುತ್ತಿದ್ದ. ಗುರುಗಳ ಕೈಯಲ್ಲಿದ್ದ ತಂಬಿಗೆ ತುಳುಕಿ ನೀರು ಧೋತರದ ಮೇಲೆ ಚೆಲ್ಲಿತು. ಸದ್ದು ದೂರವಾಗುವವರೆಗೆ ಅವರು ಉಸಿರು ಬಿಗಿಹಿಡಿದು ಕೂತಿದ್ದರು.

ಅಡಿವೆಪ್ಪ ಬೆರಗಾಗಿ ನೋಡಿದ.

“ಗುರುಗಳ, ನಿಮಗೂ ಅಂಜಿಕಿ ಐತೇನ್ರಿ?”

“ಐತಿ.”

“ಆವತ್ತು ಹಲಗಿ ಮ್ಯಾಲ ಬರಿಯೂ ಮುಂದೂ ಇತ್ತೇನ್ರಿ?”

“ಕಾಲಾಗಿನ ಶಕ್ತಿ ಎಲ್ಲಾ ಹೋಗಿತ್ತು.”

“ಹಂಗಾದರ ನನಗೂ ನಿಮಗೂ ಏನು ಫರಕು?”

ಮಡಿವಾಳಯ್ಯನವರು ಒದ್ದೆಯಾದ ಧೋತರವನ್ನು ಹಿಂಡಿಕೊಂಡರು.

“ನೀ ಅಂಜಿಕಿನ್ನ ಕೇಳಿ ಬರದಿ. ನಾ ಬರದಾದ ಮ್ಯಾಲ ಅದಕ್ಕ ತಿಳಿಸಿದೆ.”