ಗಿರಣಿ ಮೇಲಿನ ಗೆಜ್ಜೆ

ಹಿಟ್ಟಿನ ಗಿರಣಿಯ ಮಹಡಿ ಮೇಲೆ ವಾರಿಜಮ್ಮನ ನಾಟ್ಯಶಾಲೆ ಇತ್ತು ಕಣ್ರವ್ವಾ. ಕಲಿಯೋ ಮಕ್ಕಳ ಸಂಖ್ಯೆ ಮೂರಕ್ಕಿಳಿದು, ಬಾಗಿಲು ಮುಚ್ಚೋ ಕಾಲ ಬಂತು.

"ನನ್ನ ಸದ್ದು ಕೇಳಿದವರು ತಾವೇ ಬರ್ತಾರೆ," ಅಂದಿತು ಗೆಜ್ಜೆ.

"ಗಿರಣಿ ಸದ್ದಲ್ಲಿ ನಿನ್ನ ಯಾರು ಕೇಳ್ತಾರಕ್ಕಾ? ನಾನು ದಿನಾ ಇಲ್ಲಿನ ಪಾಠದ ಬಗ್ಗೆ ಬ್ಲಾಗ್ ಬರೀತೀನಿ," ಅಂದಿತು ವಾರಿಜಮ್ಮನ ಹಳೇ ಮೊಬೈಲು.

"ಬರೆದರೆ ಕುಣಿದಂಗಾಯ್ತೇನೋ?" ಗೆಜ್ಜೆ ನಕ್ಕಿತು.

ಮೊಬೈಲು ಬಿಡಲಿಲ್ಲ. ಎಡಗಾಲು ಬಲಗಾಲು ತಿಳಿಯದ ಹುಡುಗಿಗೆ ವಾರಿಜಮ್ಮ ಬಲಗಾಲಿಗೆ ಅರಿಶಿನದ ದಾರ ಕಟ್ಟಿ ಹೆಜ್ಜೆ ಕಲಿಸಿದ್ದನ್ನೂ ಬರೆಯಿತು. ಎರಡು ತಿಂಗಳು ಯಾರೂ ಓದಲಿಲ್ಲ, ಆದರೂ ಬರೆಯಿತು.

ಒಂದಿನ ಒಬ್ಬ ತಾಯಿ ಮಗಳ ಕೈಹಿಡಿದು ಮೆಟ್ಟಿಲು ಹತ್ತಿದಳು. "ದಾರ ಕಟ್ಟಿ ಕಲಿಸೋ ಟೀಚರ್ ಇಲ್ಲೇನಾ ಇರೋದು? ಇವಳಿಗೂ ಎಡ ಬಲ ಗೊತ್ತಾಗಲ್ಲ." ಆ ವಾರದಲ್ಲೇ ಇನ್ನೂ ನಾಲ್ವರು ಬಂದರು.

ಅವತ್ತಿಂದ ಪಾಠ ಮುಗಿಯೋ ಮೊದಲೇ ಗೆಜ್ಜೆ ಕೂಗುತ್ತೆ: "ತಮ್ಮಾ, ಇವತ್ತಿನದು ಬರೆದೆಯೇನೋ?"